ಮೂಲರೂಪದ ಫಿಯಟ್ ಯಾವುದು?

ಕಲ್ಯಾಣದಿಂದ ಶಿಳಫಾಟಾ ಕಡೆಗೆ ಹೋಗುವ ರಸ್ತೆಯಲ್ಲಿ, ಡೊಂಬಿವಲಿಯ ಅಂಚಿನಲ್ಲಿ, ಪ್ರೀಮಿಯರ್ ಕಾಲನಿ ಎಂಬ ನಿಲ್ದಾಣ ಸಿಗುತ್ತದೆ. ಅಲ್ಲಿ ಇಳಿದು ಕಾರಿನ ಕಾರ್ಖಾನೆ ಎಲ್ಲಿ ಎಂದು ಕೇಳಿದರೆ ಇಂದಿನ ಹುಡುಗರು ಕಟ್ಟಡಗಳ ಕಡೆ ಕೈ ತೋರಿಸಬೇಕಷ್ಟೆ. ಒಂದು ಕಾಲಕ್ಕೆ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯ ದೊಡ್ಡ ಘಟಕ ಇಲ್ಲಿತ್ತು. 1990ರ ದಶಕದ ನಡುವಿನಲ್ಲಿ ಫ್ರಾನ್ಸಿನ ಪೂಜೋ ಕಂಪನಿಯ ಜತೆಗೂಡಿ 309 ಎಂಬ ಕಾರನ್ನು ಜೋಡಿಸಿದ್ದೂ ಇಲ್ಲೇ. ಕಂಪನಿಯ ಮೂಲ ಕಾರ್ಖಾನೆ ಇದ್ದದ್ದು ಕುರ್ಲಾದಲ್ಲಿ. ಆ ಜಾಗದಲ್ಲಿ ಈಗ ಕೊಹಿನೂರ್ ಸಿಟಿ ಇದೆ. ಕಾರ್ಖಾನೆಗಳು ಹೋದವು, ಅವು ಹೊರಬಿಟ್ಟ ಕಾರುಗಳು ಅಲ್ಲಲ್ಲಿ ಉಳಿದುಕೊಂಡವು. ಠಾಣೆಯ ಎಂಎಚ್-04, ಕಲ್ಯಾಣದ ಎಂಎಚ್-05, ನವಿ ಮುಂಬೈಯ ಎಂಎಚ್-43 ಫಲಕ ಹೊತ್ತ ಹಳೆಯ ಫಿಯಟ್‌ಗಳನ್ನು ಬಿಚ್ಚಿ ಮತ್ತೆ ಕಟ್ಟುವವರ ಮುಂದೆ ಇಂದು ಒಂದೇ ಪ್ರಶ್ನೆ ಇದೆ: ಈ ಕಾರಿನ ಮೂಲರೂಪ ಎಂದರೆ ಯಾವುದು?

ಪ್ರಶ್ನೆಯ ಬೇರು ಕರ್ನಾಟಕದ ತನಕ ಚಾಚಿದೆ. 1930ರ ದಶಕದಲ್ಲಿ ಎಂ. ವಿಶ್ವೇಶ್ವರಯ್ಯನವರು ದೇಶದಲ್ಲೇ ಮೋಟಾರು ಕಾರು ತಯಾರಿಸುವ ಯೋಜನೆ ಹಿಡಿದು ಯುರೋಪ್, ಅಮೆರಿಕ ಸುತ್ತಿ ಬಂದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರಿಗೆ ಜತೆಯಾದರು. ಬ್ರಿಟಿಷ್ ಸರ್ಕಾರದಿಂದ ಬೇಕಾದ ಬೆಂಬಲ ದೊರೆಯಲಿಲ್ಲ. ವಾಲ್‌ಚಂದ್ 1940ರಲ್ಲಿ ಮೈಸೂರು ಸಂಸ್ಥಾನದ ಜತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಅದೇ ಇಂದಿನ ಎಚ್‌ಎಎಲ್. ಕಾರಿನ ಕನಸು 1944ರಲ್ಲಿ ಪ್ರೀಮಿಯರ್ ಕಂಪನಿಯಾಗಿ ಕೈಗೂಡಿತು. ಮೊದಲು ಅಮೆರಿಕದ ಕ್ರೈಸ್ಲರ್ ಕಂಪನಿಯ ವಾಹನಗಳ ಜೋಡಣೆ, ಆಮೇಲೆ ಇಟಲಿಯ ಫಿಯಟ್ ಜತೆ ಒಪ್ಪಂದ. 1964ರಲ್ಲಿ ಫಿಯಟ್ 1100 ಡಿಲೈಟ್ ಬಂತು. ಅದೇ ಕಾರು 1972ರಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪ್ರೀಮಿಯರ್ ಪದ್ಮಿನಿ ಆಯಿತು. ಜನರ ಬಾಯಲ್ಲಿ ಮಾತ್ರ ಕೊನೆತನಕ ಫಿಯಟ್.

ಇದು ಸಂಸಾರಸ್ಥರ ಕಾರು. ನಾಲ್ಕು ಬಾಗಿಲು, ಸ್ಟಿಯರಿಂಗ್ ಕೆಳಗೆ ಗೇರ್ ಕಡ್ಡಿ, ಹಿಂದಿನ ಚಕ್ರಗಳಿಗೆ ಪಾಟಾ ಸ್ಪ್ರಿಂಗು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಇದನ್ನು ಸ್ಪೋರ್ಟ್ಸ್ ಕಾರು ಎಂದು ಯಾವ ಕಂಪನಿಯೂ ಮಾರಲಿಲ್ಲ. ಲೈಸೆನ್ಸ್ ರಾಜ್ಯದ ಭಾರತದಲ್ಲಿ ಮಾರಲು ಸ್ಪೋರ್ಟ್ಸ್ ಕಾರು ಎಂಬ ಸರಕೇ ಇರಲಿಲ್ಲ. ಹೊರದೇಶದ್ದು ತರಿಸಲು ಸುಂಕ ಮತ್ತು ಪರವಾನಗಿಗಳ ಗೋಡೆ, ಒಳಗಿನದಕ್ಕೆ ವರ್ಷಗಟ್ಟಲೆ ಕಾಯುವ ಪಟ್ಟಿ. ವೇಗದ ಹುಚ್ಚು ಇದ್ದವರು ಮನೆಯ ಕಾರನ್ನೇ ಬಿಚ್ಚಬೇಕಿತ್ತು. ಮದ್ರಾಸಿನ ಬಳಿ ಶೋಲಾವರಂನ ಹಳೆಯ ವಿಮಾನಪಟ್ಟಿಯಲ್ಲಿ ನಡೆಯುತ್ತಿದ್ದ ಪಂದ್ಯಗಳಲ್ಲಿ ಹೀಗೆ ಹದ ಮಾಡಿದ ಫಿಯಟ್‌ಗಳು ಓಡಿದವು.

ಅವರು ಬಿಚ್ಚಿದ ಎಂಜಿನ್ನಿಗೆ ದೊಡ್ಡ ಮನೆತನವಿತ್ತು. ಸಿಲಿಂಡರಿನ ಅಗಲ 68 ಮಿ.ಮೀ., ಪಿಸ್ಟನ್ನಿನ ಓಟ 75 ಮಿ.ಮೀ.; ನಾಲ್ಕು ಸಿಲಿಂಡರ್ ಸೇರಿ 1089 ಸಿಸಿ. ಈ ಅಳತೆ ಇಟಲಿಯಲ್ಲಿ 1937ರಲ್ಲೇ ಬಂದದ್ದು. ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಟೂರಿನ್‌ನ ಪಿಯೆರೊ ದೂಸಿಯೊ ಎಂಬ ಉದ್ಯಮಿ ಸಿಸಿತಾಲಿಯಾ ಎಂಬ ರೇಸ್ ಕಾರು ಹೊರತಂದ. ವಿನ್ಯಾಸ ಫಿಯಟ್‌ನ ಎಂಜಿನಿಯರ್ ದಾಂತೆ ಜಕೋಸನದು, ಬಿಡಿಭಾಗಗಳು ಬಹುತೇಕ ಫಿಯಟ್‌ನವು, ಎಂಜಿನ್ ಇದೇ 1089 ಸಿಸಿ. ಮುಂಬೈಯ ಪದ್ಮಿನಿಯಲ್ಲಿ ಸುಮಾರು 40 ಅಶ್ವಶಕ್ತಿ ಕೊಡುತ್ತಿದ್ದ ಅಳತೆಯ ಎಂಜಿನ್ ಅಲ್ಲಿ ಸುಮಾರು 60 ಕೊಟ್ಟಿತು. ಮರುವರ್ಷ ಮಿಲ್ಲೆ ಮಿಲ್ಯಾ ಪಂದ್ಯದಲ್ಲಿ ತಾಜಿಯೊ ನುವೊಲಾರಿ ಸಿಸಿತಾಲಿಯಾ ಓಡಿಸಿ ಎರಡನೆಯವನಾದ. ಮೊದಲು ಬಂದದ್ದು ಅದಕ್ಕಿಂತ ಎರಡೂವರೆ ಪಟ್ಟು ದೊಡ್ಡ ಎಂಜಿನ್ನಿನ ಆಲ್ಫಾ ರೋಮಿಯೊ. ಪಿನಿನ್‌ಫರೀನಾ ಮೈಕಟ್ಟು ಕೊಟ್ಟ ಸಿಸಿತಾಲಿಯಾ 202 ಅನ್ನು 1951ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯ ಪ್ರದರ್ಶನಕ್ಕಿಟ್ಟಿತು, ಮುಂದೆ ತನ್ನ ಸಂಗ್ರಹಕ್ಕೂ ಸೇರಿಸಿಕೊಂಡಿತು. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಯೂ ಕಲಾಕೃತಿ ಎನಿಸಿಕೊಂಡ ಆ ಕಾರೂ ದಾಯಾದಿಗಳು.

ದಾಯಾದಿ ಎಂದ ಮಾತ್ರಕ್ಕೆ ಮನೆಯಲ್ಲಿ ಸಿಸಿತಾಲಿಯಾ ಆಗುವುದಿಲ್ಲ. ಸವೆದ ಸಿಲಿಂಡರನ್ನು ಬೋರ್ ಮಾಡಿಸಿ ಅಗಲವನ್ನು 69 ಮಿ.ಮೀ.ಗೆ ಏರಿಸಿದರೆ ಎಂಜಿನ್ ಸುಮಾರು 1122 ಸಿಸಿ ಆಗುತ್ತದೆ. ಲಾಭ ನೂರಕ್ಕೆ ಮೂರು. ಹೆಡ್ ತಳವನ್ನು ತುಸು ಹೆರೆಸಿದರೆ ಒತ್ತಡ ಹೆಚ್ಚುತ್ತದೆ, ಜತೆಗೆ ಕಾವೂ ಹೆಚ್ಚುತ್ತದೆ. ಎರಡು ಕಾರ್ಬ್ಯುರೇಟರ್ ಕೂರಿಸಿದರೆ ಎರಡನ್ನೂ ಒಂದೇ ಲಯದಲ್ಲಿ ಉಸಿರಾಡಿಸಬೇಕು. ಘೋಡ್‌ಬಂದರ್ ರಸ್ತೆಯ ದಟ್ಟಣೆಯಲ್ಲಿ ಅರ್ಧ ಗಂಟೆ ನಿಲ್ಲಬೇಕಾದ ಕಾರಿಗೆ ಈ ಎರಡರ ಪರೀಕ್ಷೆಯೂ ಒಟ್ಟಿಗೇ ಆಗುತ್ತದೆ. ಬುದ್ಧಿವಂತರು ವೇಗಕ್ಕೆ ಮೊದಲು ಬ್ರೇಕಿಗೆ ಕೈ ಹಾಕುತ್ತಾರೆ.

ಎಲ್ಲಕ್ಕಿಂತ ಮೊದಲು ತುಕ್ಕು. ಈ ಕಾರಿಗೆ ಬೇರೆ ಚಾಸಿಸ್ ಇಲ್ಲ, ಮೈಯೇ ಅಸ್ಥಿ. ಕೊಂಕಣದ ಮಳೆ, ಖಾಡಿಯ ಉಪ್ಪುಗಾಳಿ ಎರಡೂ ಸೇರಿ ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ, ಜಾಕ್ ಕೊಡುವ ಜಾಗ ಇವುಗಳನ್ನು ಒಳಗಿಂದ ತಿನ್ನುತ್ತವೆ. ಮೇಲೆ ಪುಟ್ಟಿ ಬಳಿದು ಬಣ್ಣ ಹೊಡೆದರೆ ಎರಡು ಮಳೆಗಾಲ ಬಾಳೀತು. ಸರಿಯಾಗಿ ಮಾಡಬೇಕೆಂದರೆ ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಅಪಾರ್ಟ್‌ಮೆಂಟಿನ ಒಂದು ಪಾರ್ಕಿಂಗ್ ಜಾಗದಲ್ಲಿ, ಸೊಸೈಟಿಯವರ ಕಣ್ಣೆದುರು, ವೆಲ್ಡಿಂಗ್ ಕಿಡಿ ಹಾರಿಸುವುದು ಸಣ್ಣ ಮಾತಲ್ಲ.

ಆದರೆ ಇಂಥ ಕೆಲಸಕ್ಕೆ ಒದಗುವ ನೆರೆಹೊರೆಯೂ ಇಲ್ಲಿದೆ. ಠಾಣೆಯ ವಾಗ್ಳೆ ಎಸ್ಟೇಟ್, ಡೊಂಬಿವಲಿಯ ಎಂಐಡಿಸಿ, ನವಿ ಮುಂಬೈಯ ರಬಾಳೆ, ತುರ್ಭೆ ಇಲ್ಲೆಲ್ಲ ಲೇತ್ ಇಟ್ಟ ಸಣ್ಣ ವರ್ಕ್‌ಶಾಪುಗಳಿವೆ. ಅಂಗಡಿಯಲ್ಲಿ ಸಿಗದ ಬುಷ್ ಒಂದನ್ನು ಹಳೆಯದರ ಅಳತೆ ಕೊಟ್ಟು ಕಡೆಸಿಕೊಳ್ಳಬಹುದು. ಉಳಿದದ್ದಕ್ಕೆ ಸೆಂಟ್ರಲ್ ರೈಲ್ವೆಯ ಲೋಕಲ್ ಹಿಡಿದರೆ ಕುರ್ಲಾದ ಗುಜರಿ. ಕಾರು ಹುಟ್ಟಿದ ಊರೇ ಅದರ ಬಿಡಿಭಾಗಗಳ ಸಂತೆಯೂ ಆಯಿತು. ಮುಂಬೈಯಲ್ಲಿ ಟ್ಯಾಕ್ಸಿಯಾಗಿ ನೋಂದಣಿಯಾದ ಕೊನೆಯ ಪದ್ಮಿನಿಯ ತಾರೀಖು 2003ರ ಅಕ್ಟೋಬರ್ 29. ಟ್ಯಾಕ್ಸಿಗೆ 20 ವರ್ಷದ ಮಿತಿ ಇದ್ದುದರಿಂದ 2023ರ ಅಕ್ಟೋಬರ್ 30ರಿಂದ ಅದು ರಸ್ತೆಗಿಳಿಯುವಂತಿರಲಿಲ್ಲ. ಅದರ ಹಿಂದಿನ ವರ್ಷಗಳಲ್ಲಿ ಒಂದೊಂದಾಗಿ ಒಡೆಯಲ್ಪಟ್ಟ ಟ್ಯಾಕ್ಸಿಗಳ ಗೇರ್‌ಬಾಕ್ಸು, ಆಕ್ಸಲ್ಲು, ಬಾಗಿಲುಗಳೇ ಉಳಿದ ಕಾರುಗಳಿಗೆ ಜೀವದಾನ. ಆ ಬುಗ್ಗೆಯೂ ಈಗ ಬತ್ತುತ್ತಿದೆ.

ಕಾನೂನು ಎದುರಾಗುವುದು ಇಲ್ಲೇ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲರೂಪದಲ್ಲಿರಬೇಕು, ಚಾಸಿಸ್, ಮೈ ಅಥವಾ ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಫಲಕದಲ್ಲಿ ರಾಜ್ಯದ ಅಕ್ಷರಗಳ ಪಕ್ಕ 'ವಿಎ'. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. 1974ರ ಮೊದಲ ಪದ್ಮಿನಿಗಳು 2024ರಿಂದ ಈ ವಯಸ್ಸಿಗೆ ಬಂದಿವೆ.

ನಿಯಮದ ಉದ್ದೇಶ ಒಳ್ಳೆಯದೇ. ಮನಬಂದಂತೆ ಕತ್ತರಿಸಿ ಬೆಸೆದ, ಬ್ರೇಕಿಗೆ ಮೀರಿದ ಎಂಜಿನ್ ಹೊತ್ತ ಕಾರು ಪಾದಚಾರಿಯ ಪ್ರಾಣಕ್ಕೂ ಕುತ್ತು. ತೊಡಕಿರುವುದು 'ಮೂಲ' ಎಂಬ ಮಾತಿನಲ್ಲಿ. ಈ ಕಾರಿನ ಮೂಲ ತಯಾರಕರೇ ಅದನ್ನು ಬದಲಿಸುತ್ತ ಬಂದವರು. ಪ್ರೀಮಿಯರ್ 1985ರಲ್ಲಿ ತಂದ 118ಎನ್‌ಇ ಇದಕ್ಕೆ ನೇರ ಸಾಕ್ಷಿ: ಮೈ ಇಟಲಿಯ ಫಿಯಟ್ 124ರದ್ದು, ಎಂಜಿನ್ ಜಪಾನಿನ ನಿಸಾನ್ ಕಂಪನಿಯ 1171 ಸಿಸಿಯದು. ಒಂದು ದೇಶದ ಕಾರಿಗೆ ಇನ್ನೊಂದು ದೇಶದ ಎಂಜಿನ್ ಕೂರಿಸುವುದನ್ನು ಕಾರ್ಖಾನೆ ಮಾಡಿತು, ಅದು ಮೂಲರೂಪ ಎನಿಸಿತು. ಅದೇ ನಿಸಾನ್ ಎಂಜಿನ್ನನ್ನು ಪದ್ಮಿನಿಗೆ ಮನೆಯಲ್ಲಿ ಕೂರಿಸಿದರೆ ಅದು ಮಾರ್ಪಾಡು. ಎಂಜಿನ್ ಅದೇ, ಕಾರೂ ಅದೇ ಕಂಪನಿಯದು. ಬೇರೆಯಾದದ್ದು ಸ್ಪ್ಯಾನರ್ ಹಿಡಿದ ಕೈ.

ಏನನ್ನೂ ಮುಟ್ಟದೆ ಹಾಗೇ ಇಟ್ಟುಕೊಳ್ಳುತ್ತೇನೆ ಎನ್ನುವವರಿಗೂ ಬಿಡುಗಡೆಯಿಲ್ಲ. ಇಂದು ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥನಾಲ್. 1970ರ ರಬ್ಬರ್ ಕೊಳವೆ, ಪಂಪಿನ ಪೊರೆ, ಗ್ಯಾಸ್ಕೆಟ್ಟುಗಳು ಅದಕ್ಕಾಗಿ ಮಾಡಿದವಲ್ಲ, ಉಬ್ಬುತ್ತವೆ, ಬಿರಿಯುತ್ತವೆ. ಕಾರು ಓಡಬೇಕೆಂದರೆ ಅವನ್ನು ಬದಲಿಸಲೇಬೇಕು.

ಹೀಗಾಗಿ ಅನುಭವಸ್ಥರು ಒಂದು ರೂಢಿ ಬೆಳೆಸಿಕೊಂಡಿದ್ದಾರೆ. ಹೊಸದನ್ನು ಕೂರಿಸಲು ಮೈಯಲ್ಲಿ ಹೊಸ ತೂತು ಕೊರೆಯುವುದಿಲ್ಲ. ಇರುವ ಬೋಲ್ಟುಗಳ ಜಾಗವನ್ನೇ ಬಳಸುತ್ತಾರೆ. ಎಂಜಿನ್ ನಂಬರಿರುವ ಬ್ಲಾಕನ್ನು ಗುಜರಿಗೆ ಹಾಕುವುದಿಲ್ಲ. ಬಿಚ್ಚಿದ ಹಳೆಯ ಕಾರ್ಬ್ಯುರೇಟರ್, ಸ್ಟಿಯರಿಂಗ್ ಕೆಳಗಿನ ಗೇರ್ ಕಡ್ಡಿ, ಮೊದಲಿನ ಚಕ್ರ ಎಲ್ಲಕ್ಕೂ ಎಣ್ಣೆ ಸವರಿ, ಗೋಣಿ ಸುತ್ತಿ, ಚೀಟಿ ಅಂಟಿಸಿ ಎತ್ತಿಡುತ್ತಾರೆ. ಎರಡು ಕೋಣೆಯ ಫ್ಲ್ಯಾಟಿನ ಅಡುಗೆಮನೆಯ ಅಟ್ಟದ ಮೇಲೆ, ದೀಪಾವಳಿಯ ಹಿತ್ತಾಳೆ ಪಾತ್ರೆಗಳ ಪಕ್ಕ, ಮೂಲರೂಪದ ಫಿಯಟ್ ಭಾಗ ಭಾಗವಾಗಿ ಕಾದು ಕೂತಿರುತ್ತದೆ.