ಕಪ್ಪಾದ ಗರಿಗಳೂ ಅವಕೆಂಪು ಛಾಯಾಗ್ರಹಣವೂ

ಉಡುಪಿಯಲ್ಲಿದ್ದ ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಓಲೆಪ್ರತಿಯನ್ನು ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ಪಿ. ಆರ್. ಮುಕುಂದ್ ಹಾಗೂ ರೋಜರ್ ಈಸ್ಟನ್ ಅವರು 2006ರಲ್ಲಿ ಅವಕೆಂಪು, ಎಂದರೆ ಇನ್‌ಫ್ರಾರೆಡ್, ಕಿರಣಗಳಿಂದ ಚಿತ್ರಿಸಿದರು. ಒಂದೊಂದು ಗರಿಯನ್ನೂ ಹಲವು ಖಂಡಗಳಲ್ಲಿ ತೆಗೆದು ಬಳಿಕ ಜೋಡಿಸಲಾಯಿತು. ಕಪ್ಪಾಗಿ ಅವಾಚ್ಯವಾಗಿದ್ದ ಅಕ್ಷರಗಳು ಗೋಚರವಾದವು.

ಕಾಡಿಗೆಯ ಇಂಗಾಲವು ಈ ಕಿರಣಗಳನ್ನು ಹೀರುತ್ತದೆ. ಕಂದಿದ ಗರಿಯಾದರೋ ಬಹುಮಟ್ಟಿಗೆ ಪ್ರತಿಫಲಿಸುತ್ತದೆ. ಆದಕಾರಣ ಕಂಟದಿಂದ ಕೊರೆದು ಮಸಿ ತುಂಬದೆ ಬಿಟ್ಟ ಪ್ರತಿಗೆ ಇದು ನಿಷ್ಪ್ರಯೋಜಕ. ಅಲ್ಲಿ ಓರೆಬೆಳಕೇ ಗತಿ.

ಇದು ಕೇವಲ ಛಾಯಾಗ್ರಾಹಕನ ಕೆಲಸವೆಂದು ಪಂಡಿತರು ಉಪೇಕ್ಷಿಸಲಾಗದು. ಅವಕೆಂಪು ಕಿರಣಗಳು ಕಾಣುವ ಬೆಳಕಿಗಿಂತ ತುಸು ದೂರದಲ್ಲಿ ನಾಭಿಗೊಳ್ಳುವುದರಿಂದ, ಕಣ್ಣಿಗೆ ಸ್ಫುಟವೆನಿಸಿದ ಸಾಲು ಚಿತ್ರದಲ್ಲಿ ಮಬ್ಬಾಗುತ್ತದೆ. ಪಕಾರ ಷಕಾರಗಳಿಗೂ ರಕಾರ ಠಕಾರಗಳಿಗೂ ಇರುವ ಭೇದ ಒಳಗಿನ ಒಂದು ಗೆರೆ, ಒಂದು ಬಿಂದು ಮಾತ್ರ. ಅದು ಅಳಿಸಿದರೆ ಇಲ್ಲದ ಪಾಠಾಂತರವೊಂದು ಹುಟ್ಟಿಕೊಳ್ಳುತ್ತದೆ! ಹಳೆಯ ಮಸೂರಗಳ ಮೇಲಿನ ಕೆಂಪು ಗುರುತು ಸಮೀಪಚಿತ್ರಣಕ್ಕೆ ಸಾಲದು. ಶೋಧಕವನ್ನು ತೊಡಿಸಿದ ಮೇಲೆಯೇ, ಕ್ಯಾಮೆರಾದ ಪರದೆಯಲ್ಲಿ ಅಕ್ಷರವನ್ನು ಹಿಗ್ಗಿಸಿ ನೋಡುತ್ತ ನಾಭಿ ಹೊಂದಿಸತಕ್ಕದ್ದು. ಗರಿ ಬಾಗಿದ್ದರೆ ದ್ಯುತಿರಂಧ್ರವನ್ನು ಎಫ್/11ರ ಸುಮಾರಿಗೆ ಕಿರಿದುಗೊಳಿಸಬೇಕು. ಬೆಳಕಿನ ಮಾಪಕವು ಅಳೆಯುವುದು ಕಾಣುವ ಬೆಳಕನ್ನು. ಅದನ್ನೇ ನಂಬದೆ ಬೇರೆ ಬೇರೆ ಕಾಲಾವಧಿಗಳಲ್ಲಿ ಮೂರು ನಾಲ್ಕು ಚಿತ್ರ ತೆಗೆಯುವುದು ಲೇಸು. ಬಿಳಿಯ ಎಲ್‌ಇಡಿ ದೀಪದಲ್ಲಿ ಈ ಕಿರಣಗಳು ಅತ್ಯಲ್ಪ; ತಂತುದೀಪದಲ್ಲಿ ಹೇರಳವಾದರೂ ಅದರ ಬಿಸಿ ಗರಿಗೆ ಅಪಾಯಕರ.

ಜೈನ ಕಾಗದಪ್ರತಿಗಳಲ್ಲಿ ಕೆಂಪು ಬಣ್ಣದಿಂದ ಗುರುತಿಸಿದ ಅಂಕಗಳೂ ವಿರಾಮಗಳೂ ಅವಕೆಂಪು ಚಿತ್ರದಲ್ಲಿ ಬಹುತೇಕ ಮಾಯವಾಗುತ್ತವೆ. ಆದ್ದರಿಂದ ವರ್ಣಚಿತ್ರವನ್ನೂ ಜೊತೆಗೆ ಇರಿಸದೆ ಸಂಪಾದನೆಗೆ ಕೈಹಾಕಕೂಡದು. ಮೂಡಬಿದಿರೆಯ ಧವಳಾದಿ ಪ್ರತಿಗಳು ಕೊರೆದವಲ್ಲ, ಮಸಿಯಿಂದ ಬರೆದವು. ಅಂಥವುಗಳಲ್ಲಿ ಕಾಡಿಗೆಯ ಅಂಶವಿದ್ದರೆ ಮಾತ್ರ ಫಲ ದೊರೆಯುತ್ತದೆ. ಮೊದಲು ಒಂದು ಗರಿಯ ಸ್ಫುಟವಾದ ಸಾಲನ್ನೇ ಚಿತ್ರಿಸಿ ಪರೀಕ್ಷಿಸಬೇಕು.