ಕಳುಹಿಸಿದ್ದೂ ತಲುಪಿದ್ದೂ: ಫಾರ್ಮ್‌ಗಳ ಗಣನೆ ನಡೆದುಬಂದ ದಾರಿ

ಜಾಲತಾಣದಲ್ಲಿರುವ ವಿಚಾರಣೆಯ ಫಾರ್ಮನ್ನು ಎಷ್ಟು ಜನ ತುಂಬಿ ಕಳುಹಿಸಿದರು, ಅವರನ್ನು ಅಲ್ಲಿಗೆ ಕರೆತಂದ ಜಾಹೀರಾತು ಯಾವುದು ಎಂಬುದನ್ನು ಲೆಕ್ಕವಿಡುವ ವಿದ್ಯೆಯು ಮಾರ್ಕೆಟಿಂಗ್ ವಿಶ್ಲೇಷಣೆಗೆಲ್ಲ ಬುನಾದಿಯಾಗಿದ್ದರೂ, ಅದನ್ನು ಒಂದು ಸ್ವಿಚ್ ಹಾಕಿದ ಮಾತ್ರಕ್ಕೆ ಸಿದ್ಧಿಸುವ ಕಾರ್ಯವೆಂದು ಭಾವಿಸುವ ರೂಢಿಯು ಈಚೆಗೆ ಬಲಗೊಳ್ಳುತ್ತಿದೆ. ಗೂಗಲ್ ಅನಲಿಟಿಕ್ಸ್‌ನ ಈಗಿನ ಆವೃತ್ತಿಯಾದ ಜಿಎ4ರಲ್ಲಿ ‘ಎನ್‌ಹ್ಯಾನ್ಸ್ಡ್ ಮೆಷರ್‌ಮೆಂಟ್’ ಎಂಬ ಏರ್ಪಾಡಿನಿಂದ ಫಾರ್ಮ್ ತುಂಬಲು ತೊಡಗಿದುದೂ ಕಳುಹಿಸಿದುದೂ ತಾವಾಗಿಯೇ ದಾಖಲಾಗುವುವೆಂಬುದು ಸತ್ಯ. ಆ ದಾಖಲೆಯನ್ನೇ ಬಂದ ಲೀಡ್‌ಗಳ ಸಂಖ್ಯೆಯೆಂದು ವರದಿಯಲ್ಲಿ ಬರೆಯುವುದು ಸತ್ಯವಲ್ಲ. ಈ ಭ್ರಾಂತಿ ಹುಟ್ಟಿದ ಬಗೆಯನ್ನರಿಯಲು ವಿದ್ಯೆಯ ಪೂರ್ವೇತಿಹಾಸವನ್ನು ಒಮ್ಮೆ ಅವಲೋಕಿಸಬೇಕು.

ಫಾರ್ಮ್ ಎಂಬ ಅಂಗವು 1995ರ ಎಚ್‌ಟಿಎಂಎಲ್ 2.0ರ ಮೂಲಕ ಶಾಸ್ತ್ರೋಕ್ತ ಸ್ಥಾನವನ್ನು ಪಡೆಯಿತು. ಅದಕ್ಕೆ ಒಂದು ವರ್ಷ ಮೊದಲು ನೆಟ್‌ಸ್ಕೇಪಿನ ಲೂ ಮೊಂಟುಲಿಯವರು ಕುಕಿಯನ್ನು ರೂಪಿಸಿದ್ದರು. ಆ ಕಾಲದಲ್ಲಿ ಲೆಕ್ಕವೆಂದರೆ ಸರ್ವರ್ ಬರೆದಿಟ್ಟ ಲಾಗ್ ಕಡತದ ಸಾಲುಗಳನ್ನು ಎಣಿಸುವುದಷ್ಟೇ. ಒರಟಾದ ವಿಧಾನವಾದರೂ ಅದರಲ್ಲಿ ಒಂದು ಗುಣವಿದ್ದಿತು: ಸರ್ವರಿಗೆ ತಲುಪದ ಯಾವುದೂ ಅದರಲ್ಲಿ ಸೇರುತ್ತಿರಲಿಲ್ಲ.

2005ರಲ್ಲಿ ಗೂಗಲ್ ಸಂಸ್ಥೆಯು ಅರ್ಚಿನ್ ಎಂಬ ಕಂಪನಿಯನ್ನು ಕೊಂಡು, ಅದೇ ವರ್ಷದ ನವೆಂಬರಿನಲ್ಲಿ ಅನಲಿಟಿಕ್ಸನ್ನು ಉಚಿತವಾಗಿ ನೀಡತೊಡಗಿದಾಗ ಎಣಿಕೆಯ ಕೆಲಸವು ಸರ್ವರಿನಿಂದ ಬ್ರೌಸರಿಗೆ ಸ್ಥಳಾಂತರಗೊಂಡಿತು. ಇಂದಿಗೂ ಜಾಹೀರಾತಿನ ಕೊಂಡಿಗಳಿಗೆ ನಾವು ಅಂಟಿಸುವ ‘ಯುಟಿಎಂ’ ಎಂಬ ಚಿಹ್ನೆಯ ಮೊದಲಕ್ಷರವು ಆ ಅರ್ಚಿನ್ನಿನದೇ. ಫಾರ್ಮ್ ಕಳುಹಿಸಿದೊಡನೆ ತೆರೆಯುವ ‘ಥ್ಯಾಂಕ್ ಯೂ’ ಪುಟವನ್ನು ಗುರಿಯೆಂದು ನಮೂದಿಸುವುದು ಅಂದಿನ ಪದ್ಧತಿಯಾಗಿದ್ದಿತು. ಆ ಪುಟವನ್ನು ಮರುದಿನ ಮತ್ತೊಮ್ಮೆ ತೆರೆದವನು ಮತ್ತೊಬ್ಬ ಗ್ರಾಹಕನಂತೆ ಎಣಿಕೆಗೆ ಬರುತ್ತಿದ್ದನೆಂಬ ದೋಷವಿದ್ದರೂ, ಇಂದು ಹಲವರು ಹಳತೆಂದು ತಳ್ಳಿಹಾಕುವ ಈ ಪದ್ಧತಿಯು ಅನೇಕ ಹೊಸ ಪದ್ಧತಿಗಳಿಗಿಂತ ಪ್ರಾಮಾಣಿಕವಾದುದೆಂದು ನನ್ನ ಅಭಿಪ್ರಾಯ.

ನನ್ನ ತಲೆಮಾರಿನವರು ಕೆಲಸಕ್ಕೆ ಕೈಹಚ್ಚುವ ವೇಳೆಗೆ ಪುಟವು ಬದಲಾಗದೆಯೇ ಫಾರ್ಮ್ ರವಾನೆಯಾಗುವ ಏಜಾಕ್ಸ್ ತಂತ್ರವು ವ್ಯಾಪಕವಾಗಿ, ಥ್ಯಾಂಕ್ ಯೂ ಪುಟವೇ ಅನೇಕ ತಾಣಗಳಿಂದ ಮಾಯವಾಗಿದ್ದಿತು. 2012ರ ಅಕ್ಟೋಬರಿನಲ್ಲಿ ಬಂದ ಗೂಗಲ್ ಟ್ಯಾಗ್ ಮ್ಯಾನೇಜರ್, ಡೆವಲಪರನ ಬಾಗಿಲನ್ನು ಪ್ರತಿ ಸಾರಿಯೂ ತಟ್ಟಬೇಕಾದ ಸಂಕಷ್ಟದಿಂದ ಮಾರ್ಕೆಟಿಂಗಿನವರನ್ನು ಪಾರುಮಾಡಿತು. ಮರುವರ್ಷ ಫಾರ್ಮ್ ರವಾನೆಯನ್ನು ತಾನೇ ಗಮನಿಸುವ ಶಕ್ತಿಯೂ ಅದಕ್ಕೆ ಒದಗಿತು. ಆದರೆ ಅದು ಕಿವಿಗೊಡುವುದು ಬ್ರೌಸರಿನ ‘ಸಬ್‌ಮಿಟ್’ ಸಂಜ್ಞೆಗೆ. ಸರ್ವರ್ ಫಾರ್ಮನ್ನು ಸ್ವೀಕರಿಸಿತೇ ಇಲ್ಲವೇ ಎಂಬುದನ್ನು ಅದು ತಿಳಿಯಲಾರದು. ತಾಣದೊಳಗಿನ ಹುಡುಕುಪೆಟ್ಟಿಗೆಯೂ ತಾಂತ್ರಿಕವಾಗಿ ಒಂದು ಫಾರ್ಮೇ ಆದುದರಿಂದ, ಎಚ್ಚರ ತಪ್ಪಿದರೆ ಅದೂ ಲೆಕ್ಕಕ್ಕೆ ಬೀಳುವುದುಂಟು. ಇನ್ನು ಬೇರೊಂದು ಕಂಪನಿಯ ಫಾರ್ಮನ್ನು ಐಫ್ರೇಮಿನಲ್ಲಿ ಕೂರಿಸಿದ್ದರಂತೂ ಹೊರಗಿನ ಪುಟಕ್ಕೆ ಒಳಗಿನ ಸದ್ದೇ ಕೇಳಿಸದು. ಒಳಗಿನಿಂದ ಸಂದೇಶವನ್ನು ಹೊರಗೆ ರವಾನಿಸುವ ವ್ಯವಸ್ಥೆಯನ್ನು ಪ್ರತ್ಯೇಕವಾಗಿ ಮಾಡಬೇಕು.

ಒಂದು ವಿದ್ಯಾಸಂಸ್ಥೆಯ ಪ್ರವೇಶಾತಿಯ ಫಾರ್ಮಿಗೆ ನಾನು ಗುಂಡಿಯ ಕ್ಲಿಕ್ಕನ್ನೇ ಆಧಾರವಾಗಿಟ್ಟು ಟ್ಯಾಗ್ ಹಾಕಿದ್ದೆನು. ವರದಿಯಲ್ಲಿನ ಸಂಖ್ಯೆಯು ಕಚೇರಿಯ ವಿಚಾರಣಾ ಪುಸ್ತಕಕ್ಕಿಂತ ಬಹಳ ಹೆಚ್ಚಾಗಿರುವುದನ್ನು ಮೊದಲು ಕಂಡವರು ನಾನಲ್ಲ, ಆ ಪುಸ್ತಕವನ್ನು ಬರೆಯುತ್ತಿದ್ದ ಗುಮಾಸ್ತೆ. ಮೊಬೈಲ್ ಸಂಖ್ಯೆಯಲ್ಲಿ ಒಂದಂಕಿ ತಪ್ಪಿದವರು ಗುಂಡಿಯನ್ನು ಮತ್ತೆ ಮತ್ತೆ ಒತ್ತಿದ್ದರು. ಒತ್ತಿದಷ್ಟು ಸಲವೂ ಒಂದೊಂದು ಲೀಡ್ ಹುಟ್ಟಿದ್ದಿತು. ಆ ಸಂಖ್ಯೆಯನ್ನು ನಂಬಿ ಜಾಹೀರಾತಿನ ಹಣವನ್ನು ಹಂಚಿಯಾಗಿದ್ದಿತು.

ಅಂದಿನಿಂದ ನಾನು ಅನುಸರಿಸುತ್ತಿರುವ ಕ್ರಮವು, ಸರ್ವರ್ ‘ಸ್ವೀಕರಿಸಿದೆ’ ಎಂದು ಉತ್ತರಿಸಿದ ಬಳಿಕವೇ ಡೇಟಾ ಲೇಯರಿಗೆ ಇವೆಂಟನ್ನು ಸೇರಿಸಬೇಕೆನ್ನುವುದು. ವರ್ಡ್‌ಪ್ರೆಸ್ಸಿನ ಕಾಂಟ್ಯಾಕ್ಟ್ ಫಾರ್ಮ್ 7 ಎಂಬ ಪ್ಲಗಿನ್ ಈ ವಿವೇಕವನ್ನು ತೋರಿದೆ: ಫಾರ್ಮ್ ರವಾನೆಯಾದುದಕ್ಕೆ ಒಂದು ಸಂಜ್ಞೆ, ಮೇಲ್ ನಿಜವಾಗಿ ಹೋದುದಕ್ಕೆ ಮತ್ತೊಂದು ಸಂಜ್ಞೆ ಎಂದು ಎರಡನ್ನೂ ಬೇರೆಬೇರೆಯಾಗಿಟ್ಟಿದೆ. ಇವೆಂಟಿನೊಡನೆ ಹೋಗಬೇಕಾದುದು ಆ ವಿಚಾರಣೆಯ ಕ್ರಮಸಂಖ್ಯೆಯೇ ಹೊರತು ವ್ಯಕ್ತಿಯ ಹೆಸರಾಗಲಿ ಫೋನ್ ನಂಬರಾಗಲಿ ಅಲ್ಲ. ಅಂತಹ ವಿವರಗಳನ್ನು ಅನಲಿಟಿಕ್ಸಿಗೆ ಕಳುಹಿಸುವುದನ್ನು ಗೂಗಲ್ಲೇ ನಿಷೇಧಿಸಿದೆ. ಜಾಹೀರಾತಿನ ಕ್ಲಿಕ್‌ ಗುರುತನ್ನು ಫಾರ್ಮಿನ ಅದೃಶ್ಯ ಖಾನೆಯೊಂದರಲ್ಲಿ ಹಿಡಿದಿಟ್ಟು, ಕ್ರಮಸಂಖ್ಯೆಗಳನ್ನು ಕಚೇರಿಯ ಪಟ್ಟಿಯೊಡನೆ ತಾಳೆ ನೋಡಿ, ನಿಜವಾಗಿ ಗ್ರಾಹಕರಾದವರ ಗುರುತನ್ನು ಜಾಹೀರಾತಿನ ಖಾತೆಗೆ ಹಿಂದಿರುಗಿಸಿದಲ್ಲಿ ಮಾತ್ರ ಲೆಕ್ಕವು ಪೂರ್ಣವಾಗುತ್ತದೆ.

ಅನಂತರದ ಕಥೆ ಎಲ್ಲರಿಗೂ ತಿಳಿದುದೇ. 2018ರ ಯುರೋಪಿನ ಜಿಡಿಪಿಆರ್, ಬ್ರೌಸರಿನಲ್ಲಿ ಸ್ಕ್ರಿಪ್ಟ್ ಬರೆದ ಕುಕಿಗೆ ಏಳೇ ದಿನಗಳ ಆಯುಸ್ಸನ್ನು ವಿಧಿಸಿದ 2019ರ ಸಫಾರಿ, ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಇವುಗಳಿಂದ ಎಣಿಕೆಯು ಪುನಃ ಸರ್ವರಿನ ಕಡೆಗೆ ಮುಖ ತಿರುಗಿಸಿದೆ. 2024ರಲ್ಲಿ ಅನಲಿಟಿಕ್ಸಿನ ‘ಕನ್ವರ್ಷನ್’ ಎಂಬುದು ‘ಕೀ ಇವೆಂಟ್’ ಆಯಿತು. ಹೆಸರು ಬದಲಾದುದರಿಂದ ಎಣಿಕೆಯು ಶುದ್ಧವಾಗಲಿಲ್ಲ.

ಇಷ್ಟೆಲ್ಲ ಬೆಳವಣಿಗೆಯ ನಡುವೆ, ಕಳುಹಿಸಲು ಯತ್ನಿಸಿ ವಿಫಲರಾದವರನ್ನು ಎಣಿಸುವ ಅಭ್ಯಾಸವು ನಮ್ಮಲ್ಲಿ ಬೇರೂರಲೇ ಇಲ್ಲ. ಹೆಸರಿನ ಖಾನೆಯಲ್ಲಿ ಎ ಯಿಂದ ಜ಼ೆಡ್‌ವರೆಗಿನ ಅಕ್ಷರಗಳನ್ನು ಮಾತ್ರ ಒಪ್ಪುವ ನಿಯಮವನ್ನು ಬೆಂಗಳೂರಿನಲ್ಲೇ ಕುಳಿತು ಬರೆದ ಫಾರ್ಮ್‌ಗಳನ್ನು ನಾನು ಕಂಡಿದ್ದೇನೆ. ಅಲ್ಲಿ ತನ್ನ ಹೆಸರನ್ನು ಕನ್ನಡದಲ್ಲಿ ಬರೆದ ತಾಯಿಗೆ ‘ಸರಿಯಾದ ಹೆಸರನ್ನು ನಮೂದಿಸಿ’ ಎಂಬ ಉತ್ತರವು ಇಂಗ್ಲಿಷಿನಲ್ಲಿ ಬರುತ್ತದೆ. ಆಕೆ ಫೋನನ್ನು ಕೆಳಗಿಡುತ್ತಾಳೆ. ವರದಿಯಲ್ಲಿ ಅವಳು, ತೊಡಗಿ ಮುಗಿಸದೆ ಹೋದ ಅನಾಸಕ್ತರ ಸಾಲಿನಲ್ಲಿ ಸೇರಿಹೋಗುತ್ತಾಳೆ. ಈ ಕಸುಬಿನಲ್ಲಿರುವ ಕನ್ನಡಿಗರು ತಮ್ಮ ಕೈಯಲ್ಲಿರುವ ಫಾರ್ಮಿನಲ್ಲಿ ಇಂದೇ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆದು ಕಳುಹಿಸಿ ನೋಡಬೇಕು. ನಿರಾಕೃತವಾದರೆ ಆ ನಿಯಮವನ್ನು ತಿದ್ದಿಸಿರಿ, ತಿದ್ದುವವರೆಗೆ ಪ್ರತಿಯೊಂದು ನಿರಾಕರಣೆಯೂ ಒಂದು ಇವೆಂಟಾಗಿ ದಾಖಲಾಗುವಂತೆ ಮಾಡಿರಿ.