ಯವನರ ನಾಣ್ಯಗಳೂ ಅವರ ಪುರಾಣದೇವತೆಗಳೂ

ಪ್ರಾಚೀನ ಗ್ರೀಸ್ ದೇಶವು ಒಬ್ಬ ಅರಸನ ಆಳ್ವಿಕೆಗೆ ಒಳಪಟ್ಟ ಒಂದು ರಾಜ್ಯವಾಗಿರಲಿಲ್ಲ. ನೂರಾರು ಸ್ವತಂತ್ರ ಪಟ್ಟಣಗಳು ಅಲ್ಲಿ ಬಾಳಿದುವು. ಅವುಗಳಲ್ಲಿ ಅನೇಕವು ತಮ್ಮ ತಮ್ಮ ಟಂಕಶಾಲೆಗಳಲ್ಲಿ ನಾಣ್ಯಗಳನ್ನು ಹೊಡೆಯಿಸಿದುವು. ಕ್ರಿಸ್ತಪೂರ್ವ 7ನೆಯ ಶತಮಾನದಲ್ಲಿ ಲಿಡಿಯ ದೇಶದಲ್ಲಿ ಮೊದಲಾದ ಈ ಪದ್ಧತಿಯನ್ನು ಗ್ರೀಕರು ಶೀಘ್ರವಾಗಿ ಕೈಕೊಂಡರು. ನಾಣ್ಯವು ಇಂಥ ಊರಿನದೆಂದು ಓದುಬಾರದವನಿಗೂ ತಿಳಿಯಬೇಕಷ್ಟೆ. ಆದುದರಿಂದ ಪ್ರತಿಯೊಂದು ಪಟ್ಟಣವೂ ತನ್ನ ದೇವತೆಯನ್ನೋ ತನ್ನ ಸ್ಥಳಪುರಾಣದ ವೀರನನ್ನೋ ಬೆಳ್ಳಿಯ ಮೇಲೆ ಅಚ್ಚೊತ್ತಿಸಿತು. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಬಿಲ್ಲೆಯಲ್ಲಿ ಒಂದು ಊರಿನ ಭಕ್ತಿ, ಅಭಿಮಾನ, ವ್ಯಾಪಾರ ಮೂರೂ ಸೇರಿಕೊಂಡವು.

ಅಥೆನ್ಸಿನ ನಾಣ್ಯವನ್ನು ನೋಡಿರಿ. ಮುಂಭಾಗದಲ್ಲಿ ಶಿರಸ್ತ್ರಾಣ ಧರಿಸಿದ ಅಥೀನಾದೇವಿಯ ಮುಖ. ಹಿಂಭಾಗದಲ್ಲಿ ಆಕೆಯ ಪಕ್ಷಿಯಾದ ಗೂಬೆ, ಆಲಿವ್ ಮರದ ಚಿಗುರು, ಊರಿನ ಹೆಸರಿನ ಮೂರು ಅಕ್ಷರ. ನಮ್ಮಲ್ಲಿ ಅಪಶಕುನವೆನಿಸಿದ ಗೂಬೆಯು ಅಲ್ಲಿ ಜ್ಞಾನದೇವತೆಯ ಸಂಗಾತಿ. ಲಾರಿಯನ್ ಗಣಿಗಳ ಬೆಳ್ಳಿಯಿಂದ ಮಾಡಿದ, ಸುಮಾರು 17 ಗ್ರಾಂ ತೂಕದ ಈ ನಾಣ್ಯಕ್ಕೆ ಜನರು ‘ಗೂಬೆ’ ಎಂದೇ ಹೆಸರಿಟ್ಟಿದ್ದರು. ಕೊರಿಂಥಿನ ನಾಣ್ಯದ ಮೇಲೆ ರೆಕ್ಕೆಯ ಕುದುರೆ ಪೆಗಾಸಸ್ ಇರುವುದು. ಪಿರೀನಿ ಎಂಬ ಆ ಊರಿನ ಬುಗ್ಗೆಯ ಬಳಿಯಲ್ಲಿ ಬೆಲ್ಲೆರೊಫೋನನೆಂಬ ವೀರನು ಅದನ್ನು ಹಿಡಿದನೆಂದು ಕಥೆ. ಆ ನಾಣ್ಯವು ‘ಕುದುರೆಮರಿ’ಯೆನಿಸಿತು. ವರಾಹಮುದ್ರೆಯ ಹೊನ್ನಿಗೆ ನಮ್ಮ ನಾಡಿನಲ್ಲಿ ವರಾಹವೆಂಬ ಹೆಸರೇ ನಿಂತುದನ್ನು ಬಲ್ಲ ವಾಚಕರಿಗೆ ಇದು ವಿಚಿತ್ರವೆನಿಸದು. ಸಿಸಿಲಿಯ ಸಿರಾಕ್ಯೂಸಿನಲ್ಲಿ ಆಲ್ಫಿಯಸ್ ಎಂಬ ನದಿಯ ದೇವನಿಗೆ ಹೆದರಿ ಕಡಲಡಿಯಲ್ಲಿ ಓಡಿಬಂದು ಬುಗ್ಗೆಯಾಗಿ ಎದ್ದ ಅರೆಥೂಸೆಯ ಮುಖವನ್ನು ಡಾಲ್ಫಿನ್ ಮೀನುಗಳು ಸುತ್ತುವರಿದಿರುವುವು. ಕ್ರಿಸ್ತಪೂರ್ವ 400ರ ಸುಮಾರಿನಲ್ಲಿ ಕಿಮೋನ್ ಎಂಬ ಶಿಲ್ಪಿಯು ಅಂಥ ಅಚ್ಚುಗಳಲ್ಲಿ ತನ್ನ ಹೆಸರನ್ನೂ ಕೆತ್ತಿದನು.

ಇಂಥ ನಾಣ್ಯಗಳನ್ನು ಕೂಡಿಡುವುದು ಯೂರೋಪಿನಲ್ಲಿ ಬಹುಕಾಲ ಸಿರಿವಂತರ ವಿನೋದವಾಗಿತ್ತು. ಅದನ್ನು ಶಾಸ್ತ್ರವಾಗಿ ಮಾಡಿದವನು ವಿಯೆನ್ನಾ ನಗರದ ಜೋಸೆಫ್ ಎಕೆಲ್. 1792ರಿಂದ 1798ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ಆತನ ಗ್ರಂಥವು ಗ್ರೀಕ್ ನಾಣ್ಯಗಳನ್ನು ದೇಶ, ಪಟ್ಟಣಗಳ ಕ್ರಮದಲ್ಲಿ ವಿಂಗಡಿಸಿತು. ತರುವಾಯ ಇಮ್‌ಹೂಫ್ ಬ್ಲೂಮರ್, ಪರ್ಸಿ ಗಾರ್ಡ್ನರ್ ಎಂಬ ವಿದ್ವಾಂಸರಿಬ್ಬರು ಪೌಸೇನಿಯಸ್ ಎಂಬ ಪ್ರಾಚೀನ ಯಾತ್ರಿಕನ ಬರಹವನ್ನೂ ನಾಣ್ಯಗಳನ್ನೂ ಎದುರುಬದುರಾಗಿಟ್ಟು ಪರಿಶೀಲಿಸಿದರು. ಒಲಿಂಪಿಯಾದಲ್ಲಿ ಫಿಡಿಯಸನು ದಂತ ಸುವರ್ಣಗಳಿಂದ ರಚಿಸಿದ ಸ್ಯೂಸ್ ದೇವನ ಮಹಾಮೂರ್ತಿಯು ಎಂದೋ ನಾಶವಾಯಿತು. ಆದರೆ ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ (117-138) ಎಲಿಸ್ ಪಟ್ಟಣವು ಹೊಡೆಯಿಸಿದ ನಾಣ್ಯಗಳಲ್ಲಿ ಅದರ ಆಕಾರವು ಉಳಿದುಬಂದಿದೆ. ದೇಗುಲ ಕಾಯಲಾರದುದನ್ನು ಕಾಸು ಕಾಯಿತು.

ಆದರೆ ಬೆಲೆಯುಳ್ಳ ವಸ್ತುವಿನ ಹಿಂದೆ ಮೋಸವೂ ಬರುವುದು. ಜರ್ಮನಿಯ ಕಾರ್ಲ್ ಬೆಕರನು (1772-1830) ಉಕ್ಕಿನ ಅಚ್ಚುಗಳನ್ನು ತಾನೇ ಕೆತ್ತಿ, ಪ್ರಾಚೀನ ನಾಣ್ಯಗಳನ್ನು ಬಲ್ಲವರೂ ಬೆರಗಾಗುವಂತೆ ನಕಲುಮಾಡಿದನು. ನಕಲನ್ನಾದರೂ ಪರೀಕ್ಷೆಯಿಂದ ಹಿಡಿಯಬಹುದು; ಕಳ್ಳಅಗೆತದಿಂದ ಆಗುವ ನಷ್ಟವನ್ನು ಯಾರೂ ತುಂಬಿಕೊಡಲಾರರು. 1984ರಲ್ಲಿ ತುರ್ಕಿಯ ಎಲ್ಮಲಿಯ ಸಮೀಪದಲ್ಲಿ ನಿಧಿಗಳ್ಳರು ಸುಮಾರು 1,900 ಬೆಳ್ಳಿನಾಣ್ಯಗಳನ್ನು ಅಗೆದು ಹೊರದೇಶಗಳಿಗೆ ಸಾಗಿಸಿದರು. ಅತಿ ವಿರಳವಾದ ಅಥೆನ್ಸಿನ ಹತ್ತು ಡ್ರಾಕ್ಮದ ನಾಣ್ಯಗಳೂ ಅವುಗಳಲ್ಲಿದ್ದುವು. ದೀರ್ಘ ವ್ಯಾಜ್ಯದ ಬಳಿಕ 1999ರಲ್ಲಿ ನಿಧಿಯ ಬಹುಭಾಗವು ತುರ್ಕಿಗೆ ಮರಳಿತು. ನಾಣ್ಯ ಮರಳಿತು, ಅದು ಯಾವ ಪಾತ್ರೆಯಲ್ಲಿ, ಯಾವ ಪದರದಲ್ಲಿ, ಏನೇನರೊಡನೆ ಹೂತಿತ್ತೆಂಬ ಸಾಕ್ಷ್ಯವು ಮರಳಲಿಲ್ಲ.

ಆ ಸಾಕ್ಷ್ಯದ ಬೆಲೆಯೇನೆಂಬುದಕ್ಕೆ ನಮಗೆ ಹತ್ತಿರದ ನಿದರ್ಶನವೊಂದಿದೆ. 1970ರಲ್ಲಿ ಅಫ್ಘಾನಿಸ್ಥಾನದ ಆಯ್ ಖಾನುಮ್ ಎಂಬ ಯವನಪಟ್ಟಣದ ಉತ್ಖನನದಲ್ಲಿ ಫ್ರೆಂಚ್ ಪಂಡಿತರಿಗೆ, ಭಾರತದ ಮುದ್ರಾಂಕಿತ ನಾಣ್ಯಗಳ ರಾಶಿಯೊಡನೆ ಆರು ಚೌಕ ಬೆಳ್ಳಿನಾಣ್ಯಗಳು ದೊರೆತುವು. ಕ್ರಿಸ್ತಪೂರ್ವ 2ನೆಯ ಶತಮಾನದ ಆದಿಯಲ್ಲಿ ಆಳಿದ ಅಗಥೋಕ್ಲಿಸನೆಂಬ ಯವನರಾಜನವು ಅವು. ಒಂದು ಮುಖದಲ್ಲಿ ಗ್ರೀಕ್ ಲಿಪಿ, ಹಲಾಯುಧನಾದ ಸಂಕರ್ಷಣ. ಇನ್ನೊಂದರಲ್ಲಿ ಬ್ರಾಹ್ಮೀ ಲಿಪಿ, ಶಂಖಚಕ್ರಧಾರಿಯಾದ ವಾಸುದೇವ. ಕೃಷ್ಣ ಬಲರಾಮರ ಪ್ರತಿಮೆಗಳಲ್ಲಿ ಇವು ಅತ್ಯಂತ ಪ್ರಾಚೀನವಾದುವುಗಳ ಸಾಲಿಗೆ ಸೇರಿವೆ. ಹೆರಕ್ಲಿಸ್, ಸ್ಯೂಸರನ್ನು ಮುದ್ರಿಸಿದ ಜನಾಂಗದ ಅರಸನೊಬ್ಬನು ನಮ್ಮ ದೇವತೆಗಳನ್ನೂ ತನ್ನ ಬೆಳ್ಳಿಯಲ್ಲಿ ಕೂಡಿಸಿದನು. ಇವು ಸಂತೆಯಲ್ಲಿ ಸಿಕ್ಕಿದ್ದರೆ ಕೃತ್ರಿಮವೆಂದು ಸಂದೇಹಿಸಲು ಎಷ್ಟೋ ಅವಕಾಶವಿತ್ತು. ನೆಲದ ಸಾಕ್ಷಿಯು ಆ ಸಂದೇಹಕ್ಕೆ ಎಡೆಗೊಡಲಿಲ್ಲ. ಮುಂದೆ ಯುದ್ಧಗಳ ಕಾಲದಲ್ಲಿ ಅದೇ ಪಟ್ಟಣವು ನಿಧಿಗಳ್ಳರ ಕೈಗೆ ಸಿಕ್ಕಿ ಹಳ್ಳದಿಣ್ಣೆಯಾಯಿತು. ಅಲ್ಲಿ ಇನ್ನೇನು ಕಳೆದುಹೋಯಿತೋ ಹೇಳುವವರಾರು!

ನಾಣ್ಯಸಂಗ್ರಹವು ನಿಂದ್ಯವಾದ ಹವ್ಯಾಸವಲ್ಲ. ಸಂಗ್ರಾಹಕರು ಇರದಿದ್ದರೆ ಎಷ್ಟೋ ನಾಣ್ಯಗಳು ಅಕ್ಕಸಾಲೆಯ ಮೂಸೆಯಲ್ಲಿ ಕರಗುತ್ತಿದ್ದುವು. ಆದರೆ ಕೊಳ್ಳುವವನು ಚೆಲುವನ್ನೂ ಬೆಲೆಯನ್ನೂ ಕೇಳುವ ಮೊದಲು “ಇದು ಎಲ್ಲಿಂದ ಬಂತು?” ಎಂದು ಕೇಳತಕ್ಕದ್ದು. ಉತ್ತರ ದೊರೆಯದ ನಾಣ್ಯವನ್ನು ಬಿಟ್ಟುಬಿಡುವ ಸಂಯಮವೇ ನಿಜವಾದ ಸಂಗ್ರಾಹಕನ ಲಕ್ಷಣ. ಕೊಳ್ಳುವವನಿಲ್ಲದ ಕಡೆ ಅಗೆಯುವ ಕಳ್ಳನೂ ಇರನು.